ಹಾಸನದ ಹುಡುಗನಿಗೆ ಕಾರ್ಟೂನಿನಲ್ಲಿ ಜಾಗ ಯಾಕಿಲ್ಲ?

ಹದಿಹರೆಯದ ಒಬ್ಬ ಹುಡುಗ. ಅವನ ಅಪ್ಪ, ಅಮ್ಮ, ಕಾಟ ಕೊಡುವ ತಂಗಿ, ಮನೆಯಲ್ಲೊಬ್ಬ ಅಜ್ಜ. ಇಷ್ಟು ಜನರನ್ನು ಇಟ್ಟುಕೊಂಡು ಹೊಸದೊಂದು ಅನಿಮೇಟೆಡ್ ಸಿಟ್‌ಕಾಮ್ (ಮನೆ ಮಂದಿಯ ತಮಾಷೆಯ ಕಾರ್ಟೂನ್ ಧಾರಾವಾಹಿ) ಬರಲಿದೆ ಎಂಬ ಸುದ್ದಿ ಅಮೆರಿಕದ ಯಾವುದೋ ಚಾನೆಲ್‌ನಿಂದಲೋ ಓಟಿಟಿಯಿಂದಲೋ ಆಗಾಗ ಬರುತ್ತಲೇ ಇರುತ್ತದೆ. ಕೆಲವು ಸುದ್ದಿಯಾಗಿಯೇ ಉಳಿಯುತ್ತವೆ. ಕೆಲವು ತೆರೆಗೆ ಬಂದು ಒಂದೆರಡು ತಿಂಗಳಲ್ಲಿ ಮುಗಿಯುತ್ತವೆ. ಬೆರಳೆಣಿಕೆಯಷ್ಟು ಮಾತ್ರ ಮೂವತ್ತು ವರ್ಷ ಓಡುತ್ತವೆ.

ಕನ್ನಡದಲ್ಲಿ ಇಂಥ ಸುದ್ದಿ ಬರುವುದೇ ಇಲ್ಲ. ಯಾಕೆ ಅಂತ ಕೇಳಿದರೆ ಸಿಗುವ ಉತ್ತರ ಒಂದೇ: ದುಡ್ಡಿಲ್ಲ. ಅದು ಸುಳ್ಳಲ್ಲ. ಆದರೆ ನನ್ನ ಪ್ರಕಾರ ಅದು ಎರಡನೇ ಕಾರಣ. ಮೊದಲನೆಯದು ಬೇರೆ. ನಮ್ಮ ಮಕ್ಕಳು ನೋಡುವ ಕಾರ್ಟೂನುಗಳಿಗೆ ಊರೇ ಇಲ್ಲ. ಊರಿಲ್ಲದ ಕಡೆ ಮನೆ ಮಂದಿಯ ತಮಾಷೆ ಹುಟ್ಟುವುದಿಲ್ಲ. ಹಾಸನವನ್ನು ಎದುರಿಗಿಟ್ಟುಕೊಂಡು ನೋಡಿದರೆ ಇದು ಚೆನ್ನಾಗಿ ಕಾಣುತ್ತದೆ.

ಮೊದಲು ಈ ಬಗೆಯ ಕಾರ್ಯಕ್ರಮ ಹೇಗೆ ಶುರುವಾಯಿತು ಅಂತ ನೋಡೋಣ. 1960ರ ಸೆಪ್ಟೆಂಬರ್ 30ರಂದು ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ 'ದಿ ಫ್ಲಿಂಟ್‌ಸ್ಟೋನ್ಸ್' ಬಂತು. ಶಿಲಾಯುಗದ ಒಂದು ಸಂಸಾರ, ಪಕ್ಕದಲ್ಲೊಂದು ನೆರೆಮನೆ. ರಾತ್ರಿ ಊಟದ ಹೊತ್ತಿಗೆ ದೊಡ್ಡವರೂ ಕೂತು ನೋಡುವಂಥ ಕಾರ್ಟೂನ್ ಅದು. 166 ಕಂತು ಓಡಿತು. ಅದನ್ನು ಮಾಡಿದ ಹ್ಯಾನಾ-ಬಾರ್ಬೆರಾ ಕಂಪನಿಗೆ ಸಿನಿಮಾದವರಷ್ಟು ದುಡ್ಡೂ ಇರಲಿಲ್ಲ, ಸಮಯವೂ ಇರಲಿಲ್ಲ. ಅವರು ಒಂದು ಉಪಾಯ ಮಾಡಿದರು. ಅವರ ಪಾತ್ರಗಳನ್ನು ಗಮನಿಸಿ ನೋಡಿ. ಯೋಗಿ ಕರಡಿಗೂ ಕಾಲರ್, ಟೈ ಇರುತ್ತದೆ. ಫ್ಲಿಂಟ್‌ಸ್ಟೋನ್ಸ್ ಮನೆಯ ಯಜಮಾನ ಫ್ರೆಡ್ ತೊಟ್ಟಿರುವುದು ಚರ್ಮದ ಬಟ್ಟೆ, ಅದರ ಮೇಲೂ ಟೈ! ಇದು ಬರೀ ಶೋಕಿಯಲ್ಲ. ಕಾಲರ್ ಇದ್ದರೆ ತಲೆ ಬೇರೆ, ಮೈ ಬೇರೆ ಮಾಡಬಹುದು. ಮೈ ಹಾಗೇ ಬಿಟ್ಟು ತಲೆಯನ್ನು ಮಾತ್ರ ಮತ್ತೆ ಬರೆದರೆ ಸಾಕು. ಎಷ್ಟು ಚಿತ್ರ ಉಳಿಯುತ್ತದೆ ಲೆಕ್ಕ ಹಾಕಿ.

ಲೆಕ್ಕ ನಾನೇ ಹೇಳಿಬಿಡುತ್ತೇನೆ. ಜಾಹೀರಾತು ಬಿಟ್ಟರೆ ಅರ್ಧ ಗಂಟೆಯ ಕಂತು ಸುಮಾರು 22 ನಿಮಿಷ. ಸೆಕೆಂಡಿಗೆ 24 ಫ್ರೇಮ್. ಅಂದರೆ ಒಂದು ಕಂತಿಗೆ 31,680 ಫ್ರೇಮ್. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ 15,840 ಚಿತ್ರ ಬೇಕು. ತಲೆ ಬೇರೆ, ಮೈ ಬೇರೆ ಎಂಬ ಕಾಲರ್ ಉಪಾಯದ ಬೆಲೆ ಆಗ ಗೊತ್ತಾಗುತ್ತದೆ.

1989ರ ಡಿಸೆಂಬರ್ 17ರಂದು ಶುರುವಾದ 'ದಿ ಸಿಂಪ್ಸನ್ಸ್' ಈ ದಾರಿಯನ್ನು ಇನ್ನೂ ದೂರ ಒಯ್ದಿತು. ಅದೂ ಒಮ್ಮೆಲೇ ಅರ್ಧ ಗಂಟೆಯ ಕಾರ್ಯಕ್ರಮ ಆಗಿದ್ದಲ್ಲ. 1987ರಿಂದ ಬೇರೊಂದು ಹಾಸ್ಯ ಕಾರ್ಯಕ್ರಮದ ನಡುವೆ ಚುಟುಕು ತುಣುಕಾಗಿ ಬರುತ್ತಿತ್ತು. ಅಂಥ 48 ತುಣುಕು ಆದ ಮೇಲೆಯೇ ಅದಕ್ಕೆ ಸ್ವಂತ ಜಾಗ ಸಿಕ್ಕಿತು. ಅಷ್ಟಾದರೂ ಮೊದಲು ಪ್ರಸಾರ ಮಾಡಬೇಕು ಅಂತಿದ್ದ ಕಂತು ಸ್ಟುಡಿಯೋದಿಂದ ಕೆಟ್ಟು ಬಂತು. ಹೆಚ್ಚಿನ ಭಾಗ ಮತ್ತೆ ಮಾಡಬೇಕಾಯಿತು. ಶರತ್ಕಾಲದಲ್ಲಿ ಶುರುವಾಗಬೇಕಿದ್ದದ್ದು ಕ್ರಿಸ್‌ಮಸ್ ಕಂತಿನಿಂದ ಶುರುವಾಯಿತು. ಇವತ್ತು ಆ ಮನೆಯ ಹುಡುಗ ಬಾರ್ಟ್‌ಗೆ ಇನ್ನೂ ಹತ್ತೇ ವರ್ಷ. ಅವನಿಗೆ ದನಿ ಕೊಡುತ್ತಾ ಬಂದಿರುವುದು ನ್ಯಾನ್ಸಿ ಕಾರ್ಟ್‌ರೈಟ್ ಎಂಬ ಮಹಿಳೆ. ಹುಡುಗರ ಪಾತ್ರಕ್ಕೆ ಹೆಂಗಸರ ದನಿ ಇಡುವುದರ ಲಾಭ ಇದೇ ನೋಡಿ. ಗಂಟಲು ಒಡೆಯುವ ಭಯ ಇಲ್ಲ.

ಹದಿಹರೆಯದ ವಿಷಯದಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು 'ಕಿಂಗ್ ಆಫ್ ದಿ ಹಿಲ್'. 1997ರಲ್ಲಿ ಬಂದದ್ದು. ಟೆಕ್ಸಸ್‌ನ ಆರ್ಲೆನ್ ಎಂಬ ಕಾಲ್ಪನಿಕ ಸಣ್ಣ ಊರು. ಅಪ್ಪ ಹ್ಯಾಂಕ್ ಪ್ರೊಪೇನ್ ಗ್ಯಾಸ್ ಮಾರುವವನು, ನಿಯತ್ತಿನ ಮನುಷ್ಯ. ಮಗ ಬಾಬಿಗೆ ಫುಟ್‌ಬಾಲ್ ಬೇಡ, ಜನರನ್ನು ನಗಿಸಬೇಕು. ಹದಿಮೂರು ಸೀಸನ್‌ನ ಜಗಳ ಇಷ್ಟೇ. ಈ ಕಾರ್ಯಕ್ರಮದ ಬರಹಗಾರರನ್ನು ಟೆಕ್ಸಸ್‌ಗೆ ಕರೆದುಕೊಂಡು ಹೋಗಿ, ಅಲ್ಲಿನ ಜನ ಹೇಗೆ ಮಾತಾಡುತ್ತಾರೆ, ಏನು ತಿನ್ನುತ್ತಾರೆ ಅಂತ ನೋಡಿಸುತ್ತಿದ್ದರು. 2010ರಲ್ಲಿ ನಿಂತ ಇದು 2025ರ ಆಗಸ್ಟ್‌ನಲ್ಲಿ ಹುಲು ಓಟಿಟಿಯಲ್ಲಿ ಮತ್ತೆ ಬಂತು. ಅಷ್ಟರಲ್ಲಿ ಬಾಬಿಗೆ 21 ವರ್ಷ. ಡಲ್ಲಾಸ್‌ನಲ್ಲಿ ಅಡುಗೆ ಮಾಡುವ ಶೆಫ್. ಕಾರ್ಟೂನಿನ ಹುಡುಗ ಬೆಳೆದು ಕೆಲಸಕ್ಕೆ ಸೇರುವುದು ಅಪರೂಪದ ಸಂಗತಿ.

ಎಲ್ಲರಿಗೂ ಇಂಥ ಅದೃಷ್ಟ ಇರುವುದಿಲ್ಲ. 'ನೆಪೋಲಿಯನ್ ಡೈನಮೈಟ್' ಅಂತ 2004ರ ಒಂದು ಸಿನಿಮಾ. ಅಮೆರಿಕದ ಐಡಹೋ ರಾಜ್ಯದ ಸಣ್ಣ ಊರಿನ ಪೆದ್ದು ಹುಡುಗ, ಅವನ ಅಣ್ಣ, ಅಜ್ಜಿ. ಸಿನಿಮಾ ಗೆದ್ದಿತ್ತು. 2012ರಲ್ಲಿ ಫಾಕ್ಸ್ ಚಾನೆಲ್ ಅದನ್ನೇ ಅನಿಮೇಟೆಡ್ ಸಿಟ್‌ಕಾಮ್ ಮಾಡಿತು. ಸಿನಿಮಾದ ನಟನೇ ದನಿ ಕೊಟ್ಟ. ಆರೇ ಕಂತಿಗೆ ಮುಗಿಯಿತು. ಹೆಸರಿದ್ದ ಸಿನಿಮಾದ ಬೆನ್ನ ಮೇಲೆ ಬಂದದ್ದಕ್ಕೇ ಈ ಗತಿಯಾದರೆ ಹೊಸ ಪಾತ್ರಗಳ ಪಾಡು ಊಹಿಸಿ.

ಘೋಷಣೆಯಾದ ಮೇಲೆ ತೆರೆಗೆ ಬರಲು ಇಷ್ಟು ಕಾಲ ಯಾಕೆ ಬೇಕು ಅಂತ ಕೇಳುವವರಿದ್ದಾರೆ. ಇಲ್ಲಿ ದನಿ ಮೊದಲು, ಚಿತ್ರ ಆಮೇಲೆ. ಹಲವು ಜನ ಬರಹಗಾರರು ಒಟ್ಟಿಗೆ ಕೂತು ಕಥೆ ಬರೆಯುತ್ತಾರೆ. ನಟರು ಅದನ್ನು ಜೋರಾಗಿ ಓದುತ್ತಾರೆ. ಎಲ್ಲಿ ನಗು ಬರಲಿಲ್ಲವೋ ಅಲ್ಲಿ ತಿದ್ದುತ್ತಾರೆ. ದನಿ ರೆಕಾರ್ಡ್ ಆಗುತ್ತದೆ. ಆ ದನಿಗೆ ಸ್ಟೋರಿಬೋರ್ಡ್ (ದೃಶ್ಯಗಳ ಕರಡು ಚಿತ್ರ), ಅದನ್ನು ಜೋಡಿಸಿ ಒರಟು ವಿಡಿಯೋ. ಅದನ್ನೂ ನೋಡಿ ಮತ್ತೆ ತಿದ್ದುತ್ತಾರೆ. ಆಮೇಲೆ ಚಿತ್ರದ ಕೆಲಸ ಬಹುಪಾಲು ದಕ್ಷಿಣ ಕೊರಿಯಾದ ಸ್ಟುಡಿಯೋಗಳಿಗೆ ಹೋಗುತ್ತದೆ. ಅಲ್ಲಿಂದ ಬಂದ ಮೇಲೆ ಸಂಗೀತ, ತಪ್ಪು ತಿದ್ದುವುದು. ಒಂದು ಕಂತಿಗೆ ಹತ್ತಿರ ಹತ್ತಿರ ಒಂದು ವರ್ಷ. ಇದಕ್ಕೆ ಪೂರ್ತಿ ಉಲ್ಟಾ 'ಸೌತ್ ಪಾರ್ಕ್'. ಅವರು ಆರು ದಿನದಲ್ಲಿ ಒಂದು ಕಂತು ಮುಗಿಸುತ್ತಾರೆ. ಕಾಗದ ಕತ್ತರಿಸಿ ಅಂಟಿಸಿದಂಥ ಚಿತ್ರ, ಕೈಕಾಲು ಸರಿಯಾಗಿ ಆಡುವುದೂ ಇಲ್ಲ. ಜನ ನೋಡುವುದು ಮಾತಿಗೆ. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಈಗ ಹಾಸನಕ್ಕೆ ಬರೋಣ.

ನಮ್ಮ ಜಿಲ್ಲೆಗೂ ಟಿವಿಗೂ ಇರುವ ನಂಟು ಸಣ್ಣದಲ್ಲ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇದೆ. ಊರಿನವರ ಬಾಯಲ್ಲಿ ಅದು ಎಂಸಿಎಫ್. 1982ರಿಂದ ಅಲ್ಲಿದೆ. ಭಾರತದ ಸಂಪರ್ಕ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ನಿಲ್ಲಿಸಿ, ದಾರಿ ತಪ್ಪದಂತೆ ನೋಡಿಕೊಳ್ಳುವ ಕೆಲಸ ಅಲ್ಲಿಂದ ನಡೆಯುತ್ತದೆ. 2022ರ ಜೂನ್‌ನಲ್ಲಿ ಫ್ರೆಂಚ್ ಗಯಾನಾದಿಂದ ಜಿಸ್ಯಾಟ್-24 ಹಾರಿತು. ಡಿಟಿಎಚ್‌ಗಾಗಿಯೇ ಮಾಡಿದ ಉಪಗ್ರಹ, ಟಾಟಾ ಪ್ಲೇ ಪೂರ್ತಿ ಗುತ್ತಿಗೆಗೆ ಪಡೆದದ್ದು. ಅದು ರಾಕೆಟ್‌ನಿಂದ ಬೇರೆಯಾದ ಕೂಡಲೇ ಹಿಡಿತಕ್ಕೆ ತೆಗೆದುಕೊಂಡದ್ದು ಹಾಸನದ ಎಂಸಿಎಫ್. ಅಂದರೆ ದೇಶದ ಎಷ್ಟೋ ಮನೆಗಳ ಮಕ್ಕಳಿಗೆ ಕಾರ್ಟೂನ್ ತಲುಪಿಸುವ ಉಪಗ್ರಹದ ಲಗಾಮು ಇರುವುದು ನಮ್ಮೂರಲ್ಲಿ. ಆ ಕಾರ್ಟೂನಿನ ಒಳಗೆ ಮಾತ್ರ ನಮ್ಮೂರು ಇಲ್ಲ.

(ಅಂದಹಾಗೆ, ಜುಲೈನಲ್ಲಿ ಸಕಲೇಶಪುರದ ಕಡೆ ಹೋದರೆ ಡಿಟಿಎಚ್ ಅರ್ಧ ಹೊತ್ತು 'ಸಿಗ್ನಲ್ ಇಲ್ಲ' ಅನ್ನುತ್ತಿರುತ್ತದೆ. ಡಿಟಿಎಚ್ ಬಳಸುವ ಕೆಯು ಬ್ಯಾಂಡ್‌ನ ಅಲೆಗಳನ್ನು ಜೋರು ಮಳೆ ಹೀರಿಕೊಳ್ಳುತ್ತದೆ. ಸ್ಕೂಲಿಗೆ ರಜೆ ಸಿಕ್ಕಿದ ದಿನವೇ ಟಿವಿ ಬರುವುದಿಲ್ಲ!)

ಕನ್ನಡದಲ್ಲಿ ಕಾರ್ಟೂನ್ ಇಲ್ಲ ಅಂತ ಯಾರೂ ಹೇಳುವಂತಿಲ್ಲ. 2009ರಲ್ಲಿ ಸನ್ ಬಳಗದ ಚಿಂಟು ಟಿವಿ ಬಂತು. ಮಕ್ಕಳ ಕಾರ್ಟೂನುಗಳು ಕನ್ನಡದಲ್ಲಿ ಮಾತಾಡತೊಡಗಿದವು. ಅದೇ ಹೊತ್ತಿನಲ್ಲಿ ದೊಡ್ಡವರ ಕಾರ್ಯಕ್ರಮಗಳಿಗೆ ಡಬ್ಬಿಂಗ್ ಬಾಗಿಲು ಮುಚ್ಚಿತ್ತು. 2012ರಲ್ಲಿ ಆಮಿರ್ ಖಾನ್ ಅವರ 'ಸತ್ಯಮೇವ ಜಯತೆ' ಹಲವು ಭಾಷೆಗಳಲ್ಲಿ ಬಂತು, ಕನ್ನಡದ ಟಿವಿಯಲ್ಲಿ ಬರಲಿಲ್ಲ. ಈ ತಕರಾರು ಸ್ಪರ್ಧಾ ಆಯೋಗದ ತನಕ ಹೋಗಿ, 2015ರಲ್ಲಿ ಡಬ್ಬಿಂಗ್ ತಡೆಯುವವರ ವಿರುದ್ಧ ಆದೇಶ ಬಂತು. ಈಗ ದೊಡ್ಡ ಮಕ್ಕಳ ಚಾನೆಲ್‌ಗಳಲ್ಲೂ ರಿಮೋಟಿನ ಭಾಷೆ ಬಟನ್ ಒತ್ತಿದರೆ ಕನ್ನಡ ಸಿಗುತ್ತದೆ. ಒಳ್ಳೆಯದೇ ಆಯಿತು. ಒಂದು ಕಾಲದಲ್ಲಿ ಅರಸೀಕೆರೆಯ ಮಕ್ಕಳೂ ಹಿಂದಿಯಲ್ಲಿ ಜಗಳ ಆಡುವುದನ್ನು ಕಾರ್ಟೂನ್ ನೋಡಿಯೇ ಕಲಿಯುತ್ತಿದ್ದರು.

ಆದರೆ ಇಲ್ಲೇ ಗಂಟು ಇರುವುದು. ಒಂದೇ ದೋಸೆ, ಐದು ಚಟ್ನಿ. ಚಿತ್ರ ಒಂದೇ, ಹಿಂದಿ, ತಮಿಳು, ತೆಲುಗು, ಮಲಯಾಳಂ, ಕನ್ನಡ ಅಂತ ದನಿ ಮಾತ್ರ ಬೇರೆ ಬೇರೆ. ಚಿತ್ರಕ್ಕೆ ಹಾಕಿದ ದುಡ್ಡು ವಾಪಸ್ ಬರಬೇಕಾದರೆ ಅದು ಎಲ್ಲ ಕಡೆ ಸಲ್ಲಬೇಕು. ಎಲ್ಲ ಕಡೆ ಸಲ್ಲಬೇಕಾದರೆ ಅದು ಯಾವ ಕಡೆಗೂ ಸೇರಿರಬಾರದು. ಹಾಗಾಗಿ ಬಸ್ಸಿಗೆ ಬೋರ್ಡ್ ಇರುವುದಿಲ್ಲ. ಅಂಗಡಿಗೆ ಹೆಸರಿರುವುದಿಲ್ಲ. ಅಮ್ಮ ಅಡುಗೆಮನೆಯಲ್ಲಿ ಏನು ಮಾಡುತ್ತಿದ್ದಾಳೆ ಅಂತ ಗೊತ್ತಾಗುವುದಿಲ್ಲ. 2008ರಲ್ಲಿ ಪೋಗೊದಲ್ಲಿ ಶುರುವಾದ 'ಛೋಟಾ ಭೀಮ್' ಹೈದರಾಬಾದಿನ ಗ್ರೀನ್ ಗೋಲ್ಡ್ ಸ್ಟುಡಿಯೋದ್ದು. ಅದು ನಡೆಯುವ ಢೋಲಕ್‌ಪುರ ಎಲ್ಲಿದೆ? ಎಲ್ಲೂ ಇಲ್ಲ. ಲಡ್ಡು ಎಲ್ಲ ಕಡೆ ಇದೆ, ಅದಕ್ಕೇ ಭೀಮ ಲಡ್ಡು ತಿನ್ನುತ್ತಾನೆ. ಕಡುಬು ತಿಂದಿದ್ದರೆ ಅದು ಏನು ಅಂತ ಇಂದೋರಿನ ಮಗುವಿಗೆ ಹೇಳಿಕೊಡಬೇಕಾಗುತ್ತಿತ್ತು. ಇದು ಆ ಸ್ಟುಡಿಯೋದ ತಪ್ಪಲ್ಲ. ವ್ಯಾಪಾರದ ಲೆಕ್ಕವೇ ಹಾಗಿದೆ. ಪರಾಕ್ರಮದ ಕಥೆಗೆ ಇದರಿಂದ ತೊಂದರೆಯೂ ಇಲ್ಲ. ರಾಕ್ಷಸನನ್ನು ಯಾವ ಊರಲ್ಲಿ ಹೊಡೆದರೂ ಹೊಡೆತವೇ. ಆದರೆ ಮನೆಯ ತಮಾಷೆ ಹಾಗಲ್ಲ. ಅದಕ್ಕೆ ಬಾಗಿಲು, ಬೀದಿ, ಪಕ್ಕದ ಮನೆಯ ಆಂಟಿ ಎಲ್ಲ ಬೇಕು.

ಇನ್ನು ಹದಿಹರೆಯದ ವಿಷಯ. ಮಕ್ಕಳ ಚಾನೆಲ್‌ಗಳು ಕಣ್ಣಿಡುವುದು ಹದಿನಾಲ್ಕರ ಒಳಗಿನವರ ಮೇಲೆ. ಧಾರಾವಾಹಿಗಳು ಕಣ್ಣಿಡುವುದು ಮನೆ ನಡೆಸುವವರ ಮೇಲೆ. ಹದಿನೈದು, ಹದಿನಾರರ ಹುಡುಗ ಇಬ್ಬರಿಗೂ ಬೇಡ. ನಮ್ಮ ಸೀರಿಯಲ್‌ಗಳಲ್ಲಿ ಮಗು ಎಂಟು ವರ್ಷದ ಜಾಣೆಯಾಗಿರುತ್ತದೆ. ಆಮೇಲೆ ಒಂದು ಹಾಡು, ಕ್ಯಾಲೆಂಡರ್ ಹಾಳೆ ಹಾರುತ್ತವೆ, ನೇರವಾಗಿ ಮದುವೆ ವಯಸ್ಸು. ಮೊಡವೆ, ಮೀಸೆ, ಪಿಯುಸಿ ಯಾವುದೂ ಇಲ್ಲ. ಅಷ್ಟು ವರ್ಷ ಆ ಹುಡುಗ ಎಲ್ಲಿದ್ದ? ರೀಲ್ಸ್ ನೋಡುತ್ತಿದ್ದ, ಮತ್ತೇನು.

ಕಾರ್ಟೂನ್ ಅಂದರೆ ಪುಟ್ಟ ಮಕ್ಕಳದ್ದು ಎಂಬ ನಂಬಿಕೆಯೂ ಗಟ್ಟಿಯಾಗಿದೆ. ಜಪಾನಿನ 'ಶಿನ್ ಚಾನ್' ಇದಕ್ಕೆ ಸಾಕ್ಷಿ. ಐದು ವರ್ಷದ ಆ ತರಲೆ ಹುಡುಗ ದೊಡ್ಡವರನ್ನು ಗೇಲಿ ಮಾಡುತ್ತಾನೆ, ಪ್ಯಾಂಟು ಬಿಚ್ಚುತ್ತಾನೆ. ಜಪಾನಿನಲ್ಲಿ ಆ ಕಥೆ ಶುರುವಾದದ್ದೇ ದೊಡ್ಡವರ ಪತ್ರಿಕೆಯಲ್ಲಿ. ಇಲ್ಲಿ ಅದನ್ನು ಮಕ್ಕಳ ಚಾನೆಲ್‌ನಲ್ಲಿ ಹಾಕಿದರು. ಪೋಷಕರ ದೂರು ಬಂತು. 2008ರಲ್ಲಿ ಕೇಂದ್ರ ಸರ್ಕಾರ ನಿಲ್ಲಿಸಿತು, ಆಮೇಲೆ ಕತ್ತರಿ ಹಾಕಿಸಿಕೊಂಡು ವಾಪಸ್ ಬಂತು. ಪೋಷಕರದ್ದು ಪೂರ್ತಿ ತಪ್ಪು ಅಂತ ನಾನು ಹೇಳುವುದಿಲ್ಲ. ಸಾಮಾನು ಒಳ್ಳೆಯದೇ, ಇಟ್ಟ ಕಪಾಟು ತಪ್ಪಾಗಿತ್ತು. ಈಗ ಕಪಾಟು ಇದೆ. 2021ರ ಐಟಿ ನಿಯಮಗಳು ಓಟಿಟಿಗೆ ವಯಸ್ಸಿನ ಗುರುತು ಕೊಟ್ಟಿವೆ: ಯು, ಯು/ಎ 7+, ಯು/ಎ 13+, ಯು/ಎ 16+, ಎ. ಅದರಲ್ಲಿ 13+ ಎಂಬ ಕಪಾಟಿನಲ್ಲಿ ಕನ್ನಡದ ಅನಿಮೇಶನ್ ಹುಡುಕಿ ನೋಡಿ. ಕೈಗೆ ಸಿಗುವುದು ಹೆಚ್ಚಾಗಿ ಬೇರೆ ಕಡೆಯದ್ದೇ.

ಕೆಲಸ ಗೊತ್ತಿರುವವರು ಇಲ್ಲವೇ? ಬೇಕಾದಷ್ಟು ಜನ ಇದ್ದಾರೆ. ಅನಿಮೇಶನ್, ಗೇಮಿಂಗ್ ಕ್ಷೇತ್ರಕ್ಕೆ ಅಂತಲೇ ಕರ್ನಾಟಕ ಸರ್ಕಾರ 2012ರಲ್ಲಿಯೇ ನೀತಿ ಮಾಡಿತ್ತು. ದೇಶದಲ್ಲೇ ಮೊದಲು. 2024ರಲ್ಲಿ ಹೊಸ ನೀತಿಯೂ ಬಂತು. ಬೆಂಗಳೂರಿನ ಸ್ಟುಡಿಯೋಗಳಲ್ಲಿ ಕೂತವರು ಹಾಲಿವುಡ್ ಸಿನಿಮಾಗಳಿಗೆ ಕೆಲಸ ಮಾಡಿದ್ದಾರೆ. ಹಾಸನ, ಚಿಕ್ಕಮಗಳೂರಿನಿಂದ ಹೋಗಿ ಅಲ್ಲಿ ಕೂತ ಹುಡುಗರೂ ಇದ್ದಾರೆ. ಆದರೆ ಅದು ಬೇರೆಯವರ ಕಥೆಗೆ ಕೈ ಕೊಡುವ ಕೆಲಸ. 2025ರ ಫೆಬ್ರವರಿಯಲ್ಲಿ, ಇಲ್ಲಿ ಸ್ಟುಡಿಯೋ ನಡೆಸುತ್ತಿದ್ದ ಟೆಕ್ನಿಕಲರ್ ಕಂಪನಿ ದೂರದ ಪ್ಯಾರಿಸ್‌ನಲ್ಲಿ ಕುಸಿದಾಗ ಬೆಂಗಳೂರು, ಮುಂಬೈನಲ್ಲಿ ಸಾವಿರಾರು ಜನ ಒಮ್ಮೆಲೇ ಕೆಲಸ ಕಳೆದುಕೊಂಡರು. ಸ್ವಂತ ಪಾತ್ರ ಅಂತ ಒಂದಿದ್ದರೆ ವರ್ಷಗಟ್ಟಲೆ ಅನ್ನ ಹಾಕುತ್ತದೆ. ಗುತ್ತಿಗೆ ಕೆಲಸ ಗುತ್ತಿಗೆ ಮುಗಿಯುವ ತನಕ ಮಾತ್ರ.

ಅದೇ ವರ್ಷ ಜುಲೈನಲ್ಲಿ 'ಮಹಾವತಾರ ನರಸಿಂಹ' ಬಂತು. ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ಅನಿಮೇಶನ್ ಸಿನಿಮಾ. 300 ಕೋಟಿ ರೂಪಾಯಿ ದಾಟಿತು. ದೊಡ್ಡವರು ಅನಿಮೇಶನ್ ನೋಡಲು ದುಡ್ಡು ಕೊಟ್ಟು ಬರುವುದಿಲ್ಲ ಎಂಬ ಮಾತು ಅಲ್ಲಿಗೆ ಮುಗಿಯಿತು. ಹಾಗಂತ ನಾಳೆಯೇ ಯಾರಾದರೂ ಸಕಲೇಶಪುರದ ಸಂಸಾರದ ಕಥೆಗೆ ದುಡ್ಡು ಹಾಕುತ್ತಾರೆ ಅಂತ ನಂಬಬೇಡಿ. ಹಾಕಿದರೆ ಇನ್ನೊಂದು ಅವತಾರಕ್ಕೆ ಹಾಕುತ್ತಾರೆ. ಪುರಾಣವೂ ಎಲ್ಲ ಭಾಷೆಗೆ ಸಲ್ಲುತ್ತದೆ ನೋಡಿ.

ಊರಿನ ಕಥೆ ಇಟ್ಟುಕೊಂಡು ಗೆದ್ದವರು ಏಷ್ಯಾದಲ್ಲೇ ಇದ್ದಾರೆ. ಜಪಾನಿನ 'ಸಝಾಎ-ಸಾನ್' 1969ರ ಅಕ್ಟೋಬರ್‌ನಿಂದ ಪ್ರತಿ ಭಾನುವಾರ ಸಂಜೆ ಬರುತ್ತಲೇ ಇದೆ. ಅಜ್ಜ, ಅಜ್ಜಿ, ಮಗಳು, ಅಳಿಯ, ಮೊಮ್ಮಗ, ಮಗಳ ತರಲೆ ತಮ್ಮ ಎಲ್ಲ ಒಂದೇ ಮನೆಯಲ್ಲಿ. ಜಗತ್ತಿನಲ್ಲಿ ಅತಿ ಹೆಚ್ಚು ಕಾಲ ಓಡಿದ ಅನಿಮೇಟೆಡ್ ಟಿವಿ ಸರಣಿ ಅಂತ ಗಿನ್ನೆಸ್ ದಾಖಲೆ ಇದೆ. ಆ ತಮ್ಮ ಹೋಂವರ್ಕ್ ಮಾಡದೆ ಓಡುವುದು, ಈ ಮಟ್ಟದ ಕಥೆಗಳು. ಅರ್ಧ ಗಂಟೆಯಲ್ಲಿ ಮೂರು ಸಣ್ಣ ಕಥೆ ಹೇಳಿ ಮುಗಿಸುತ್ತಾರೆ.

ಮಲೇಷ್ಯಾದ 'ಉಪಿನ್ ಮತ್ತು ಇಪಿನ್' ನಮಗೆ ಇನ್ನೂ ಹತ್ತಿರ. 2007ರ ರಂಜಾನ್ ತಿಂಗಳಿಗೆ ಅಂತ ಸಣ್ಣದಾಗಿ ಶುರುವಾದದ್ದು. ಅಪ್ಪ ಅಮ್ಮ ಇಲ್ಲದ ಅವಳಿ ಹುಡುಗರು, ಅಜ್ಜಿ, ಗದರುವ ಅಕ್ಕ. ಮಲಯ್ ಹಳ್ಳಿ, ಕಂಬದ ಮೇಲಿನ ಮರದ ಮನೆ. ಗೆಳೆಯರ ಗುಂಪಿನಲ್ಲಿ ಚೀನೀ ಹುಡುಗಿ ಮೇ ಮೇ, ಕವಿತೆ ಹೇಳುವ ಪಂಜಾಬಿ ಹುಡುಗ ಜರ್ಜಿತ್, ತಮಿಳು ಹುಡುಗ ರಾಜು. ಇಷ್ಟು ಪಕ್ಕಾ ಸ್ಥಳೀಯ ಕಾರ್ಯಕ್ರಮವನ್ನು ಪಕ್ಕದ ಇಂಡೋನೇಷ್ಯಾದವರು ಮುಗಿಬಿದ್ದು ನೋಡಿದರು. ಊರು ಕಾಣಿಸಿದರೆ ಹೊರಗಿನವರಿಗೆ ಅರ್ಥವಾಗದು ಎಂಬ ವಾದ ನಿಲ್ಲುವುದಿಲ್ಲ.

ಹಾಗಾದರೆ ಹಾಸನದಲ್ಲಿ ಏನಿದೆ? ಸುಮ್ನೆ ಒಂದು ಮನೆ ಕಲ್ಪಿಸಿಕೊಳ್ಳಿ. ಆಲೂರಿನ ಕಡೆಯದು. ಅಪ್ಪ ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವವನು, ತೋಟ ಸ್ವಂತದ್ದಲ್ಲ, ಮಾತು ಮಾತ್ರ ತೋಟದ ಯಜಮಾನನದ್ದು. ಅಮ್ಮ ಅಂಗನವಾಡಿ ಟೀಚರ್. ಅಜ್ಜಿಗೆ ಕಿವಿ ಮಂದ, ಬೇಕಾದ್ದು ಮಾತ್ರ ಸರಿಯಾಗಿ ಕೇಳುತ್ತದೆ. ಅಕ್ಕ ಹಾಸನದ ಕಾಲೇಜಿಗೆ ಹೋಗುತ್ತಾಳೆ. ಹುಡುಗ ಪ್ರಥಮ ಪಿಯುಸಿ.

ಪ್ರಥಮ ಪಿಯುಸಿಯೇ ಯಾಕೆ? ಕಥೆ ಬರೆಯುವವರಿಗೆ ಇದಕ್ಕಿಂತ ಒಳ್ಳೆ ವರ್ಷ ಇಲ್ಲ. ಎಸ್ಸೆಸ್ಸೆಲ್ಸಿ ಆದರೆ ಪರೀಕ್ಷೆ-1, ಪರೀಕ್ಷೆ-2 ಅಂತ ಮತ್ತೆ ಮತ್ತೆ ತಲೆ ಮೇಲೆ ಕೂರುತ್ತದೆ. ದ್ವಿತೀಯ ಪಿಯುಸಿಗೂ ಅದೇ. ಮೇಲೆ ಸಿಇಟಿ, ನೀಟ್. ಮಧ್ಯದ ಈ ಒಂದು ವರ್ಷಕ್ಕೆ ಮಾತ್ರ ರಾಜ್ಯ ಮಟ್ಟದ ಬೋರ್ಡ್ ಪರೀಕ್ಷೆ ಇಲ್ಲ. ಹುಡುಗರು ಉಸಿರಾಡುವ ವರ್ಷ. ಕಾರ್ಟೂನಿನಲ್ಲಿ ಅವನನ್ನು ಇದೇ ತರಗತಿಯಲ್ಲಿ ಮೂವತ್ತು ವರ್ಷ ಕೂರಿಸಬಹುದು. ಫೇಲ್ ಅಂತ ಯಾರೂ ಕೇಳುವುದಿಲ್ಲ.

ಕಂತುಗಳಿಗೆ ಏನು ಬರ? 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಅಮ್ಮ, ಅಕ್ಕ, ಅಜ್ಜಿ ಮೂವರೂ ಆಧಾರ್ ತೋರಿಸಿ ಬಸ್ಸಿನಲ್ಲಿ ಕೂರುತ್ತಾರೆ. ಈ ಹುಡುಗ ಪಾಸ್ ಮರೆತು ಬಂದಿದ್ದಾನೆ. ಮನೆಯಲ್ಲಿ ಟಿಕೆಟ್ ತೆಗೆಯಬೇಕಾದವರು ಅವನು ಮತ್ತು ಅಪ್ಪ ಇಬ್ಬರೇ. ಅಜ್ಜಿಯಂತೂ ಸುಮ್ಮನೆ ಬೇಲೂರಿಗೆ ಹೋಗಿ ಬರುತ್ತೇನೆ ಅನ್ನುತ್ತಾಳೆ. ಜುಲೈ ಬಂದರೆ ಇನ್ನೊಂದು ಕಂತು. ರಾತ್ರಿ ಹತ್ತರ ತನಕ ಎಲ್ಲ ವಾಟ್ಸಾಪ್ ಗುಂಪಿನಲ್ಲೂ ಒಂದೇ ಪ್ರಶ್ನೆ: ಡಿಸಿ ರಜೆ ಕೊಟ್ಟರಾ? ಯಾರೋ ಹೋದ ವರ್ಷದ ಆದೇಶವನ್ನು ತಾರೀಖು ತಿದ್ದಿ ಹಾಕುತ್ತಾರೆ. ಬೆಳಿಗ್ಗೆ ಅದು ಸುಳ್ಳು ಅಂತ ಗೊತ್ತಾಗುವಷ್ಟರಲ್ಲಿ ಬಸ್ ಹೋಗಿರುತ್ತದೆ.

ಅಕ್ಟೋಬರ್ ಹೊತ್ತಿಗೆ ಹಾಸನಾಂಬೆ ದರ್ಶನ. ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ ಮಾತ್ರ ಬಾಗಿಲು ತೆಗೆಯುವ ದೇವಸ್ಥಾನ. ಆ ದಿನಗಳಲ್ಲಿ ಹಾಸನದಲ್ಲಿ ಮನೆ ಇರುವವರ ಪಾಡು ಹಾಸನದವರಿಗೇ ಗೊತ್ತು. ಹತ್ತು ವರ್ಷದಿಂದ ಮಾತೇ ಆಡದ ಚಿಕ್ಕಪ್ಪ ಬೆಂಗಳೂರಿನಿಂದ ಫೋನ್ ಮಾಡುತ್ತಾನೆ. 'ಹೇಗಿದ್ದೀಯಪ್ಪಾ?' ಅಂತ ಶುರುವಾಗಿ ಮೂರನೇ ವಾಕ್ಯಕ್ಕೆ ಪಾಸ್ ಕೇಳುತ್ತಾನೆ. ಪಾಸ್ ಕೊಡಿಸಲಾಗದ ಅಪ್ಪನ ಮುಖ, ಮನೆ ತುಂಬ ಹಾಸಿಗೆ, ಬಾತ್‌ರೂಮಿಗೆ ಸರದಿ. ಇದಕ್ಕೆ ಬರಹಗಾರ ಏನನ್ನೂ ಸೇರಿಸಬೇಕಿಲ್ಲ.

ಆನೆಯ ವಿಷಯ ಸೂಕ್ಷ್ಮ. ಸಕಲೇಶಪುರ, ಆಲೂರು, ಬೇಲೂರಿನಲ್ಲಿ ಭೀಮ ಅಂದರೆ ಲಡ್ಡು ತಿನ್ನುವ ಹುಡುಗ ಅಲ್ಲ, ಒಂಟಿಸಲಗ. ಕಾಡಾನೆಗೆ ಜನ ಹೆಸರಿಟ್ಟಿದ್ದಾರೆ. ಎಲ್ಲಿದೆ ಅಂತ ಮೊಬೈಲಿಗೆ ಸಂದೇಶ ಬರುತ್ತದೆ. ಆನೆ ಬಂದಿದೆ ಅಂದರೆ ಟ್ಯೂಷನ್‌ಗೆ ಹೋಗುವಂತಿಲ್ಲ. ಇದರಲ್ಲಿ ನಗು ಇದೆ. ಆದರೆ ಇದೇ ಆನೆಗಳ ದಾಳಿಗೆ ಸಿಕ್ಕಿ ತೋಟದ ಕೆಲಸದವರು ಸತ್ತಿದ್ದಾರೆ. ಒಳ್ಳೆಯ ಬರಹಗಾರ ಎರಡನ್ನೂ ಒಂದೇ ಕಂತಿನಲ್ಲಿ ಇಡಬಲ್ಲ. ಅನಿಮೇಶನ್‌ಗೆ ಆ ಶಕ್ತಿ ಇದೆ. ನಿಜವಾದ ಆನೆಯನ್ನು ಕರೆತಂದು ಶೂಟಿಂಗ್ ಮಾಡುವ ಗೋಳೂ ಇಲ್ಲ.

ಮಾತಿನ ಪ್ರಶ್ನೆ ದೊಡ್ಡದು. ಡಬ್ಬಿಂಗ್ ಕನ್ನಡ ಯಾರ ಮನೆಯದೂ ಅಲ್ಲ. 'ಓಹ್, ಇಲ್ಲ! ನಾವು ಈಗಲೇ ಹೊರಡಬೇಕು ಗೆಳೆಯರೇ!' ಅಂತ ಯಾವ ಹುಡುಗ ಮಾತಾಡುತ್ತಾನೆ? ಆಲೂರಿನ ಹುಡುಗ 'ನಡೀರ್ಲಾ, ಹೊತ್ತಾಯ್ತು' ಅನ್ನುತ್ತಾನೆ. ಕೊಪ್ಪ, ಶೃಂಗೇರಿ ಕಡೆಯವನಾದರೆ 'ಎಂತ ಮಾರಾಯ' ಅಂತ ಶುರು ಮಾಡುತ್ತಾನೆ. ಮೂಡಿಗೆರೆ ತೋಟದ ಲೈನ್‌ಮನೆಗಳಲ್ಲಿ ತಮಿಳು, ತುಳು, ಉರ್ದು ಜೊತೆಗೆ ಈಗ ಅಸ್ಸಾಮಿನಿಂದ ಬಂದವರ ಮಾತೂ ಸೇರಿದೆ. ಚಿತ್ರ ಮೊದಲು ಬಂದು ದನಿ ಆಮೇಲೆ ಕೂರಿಸಿದರೆ ಇದು ಯಾವುದೂ ಬರುವುದಿಲ್ಲ. ತುಟಿಗೆ ತಕ್ಕಂತೆ ಮಾತು ತುರುಕಬೇಕಾಗುತ್ತದೆ. ದನಿ ಮೊದಲು ರೆಕಾರ್ಡ್ ಆಗಬೇಕು, ಅದೂ ಇಲ್ಲಿಯವರ ದನಿ. ಹಾಸನದಲ್ಲಿ ನಾಟಕ ಆಡುವವರಿಗೆ ಕೊರತೆ ಇಲ್ಲ. ಹಳ್ಳಿ ಹಳ್ಳಿಯಲ್ಲಿ ಪೌರಾಣಿಕ ನಾಟಕದ ದುರ್ಯೋಧನರಿದ್ದಾರೆ. ಅವರಲ್ಲಿ ಒಬ್ಬರನ್ನು ಮೈಕಿನ ಮುಂದೆ ಕೂರಿಸಿ ರೈಟರ್ ಅಪ್ಪನ ಮಾತು ಓದಿಸಿದರೆ ಅರ್ಧ ಕೆಲಸ ಆದಂತೆ.

ಎಐ ಬಂದಿದೆಯಲ್ಲ, ಎಲ್ಲ ಅದೇ ಮಾಡುತ್ತೆ ಅನ್ನುವವರಿಗೆ ಒಂದು ಮಾತು. ಚಿತ್ರದ ಖರ್ಚು ಇಳಿಯಬಹುದು. ಅಜ್ಜಿಗೆ ಯಾವ ಮಾತು ಕೇಳಿಸಬೇಕು, ಯಾವುದು ಕೇಳಿಸಬಾರದು ಅಂತ ಅದಕ್ಕೆ ಯಾರಾದರೂ ಹೇಳಿಕೊಡಲೇಬೇಕು.

ಈಗ ದುಡ್ಡಿನ ಮಾತು. 22 ನಿಮಿಷದ ಕಂತು, ಓಟಿಟಿ, ಸೀಸನ್ ಅಂತ ಹೊರಟರೆ ಈ ಜನ್ಮದಲ್ಲಿ ಆಗುವುದಿಲ್ಲ. ನಾಲ್ಕೈದು ನಿಮಿಷದ ತುಣುಕು ಆಗುತ್ತದೆ. ಸಿಂಪ್ಸನ್ಸ್ ಶುರುವಾದದ್ದೂ ಹಾಗೆಯೇ, ಸಝಾಎ-ಸಾನ್ ಇವತ್ತಿಗೂ ನಡೆಯುವುದು ಹಾಗೆಯೇ. ಐದು ನಿಮಿಷ ಅಂದರೆ 7,200 ಫ್ರೇಮ್. ಕೈಕಾಲು ಕಡಿಮೆ ಆಡಿಸಿ, ತಲೆ ಮತ್ತು ಬಾಯಿ ಆಡಿಸಿದರೆ ನಾಲ್ಕೈದು ಜನರ ಗುಂಪು ನಿಭಾಯಿಸಬಹುದಾದ ಕೆಲಸ. ನಗು ಬರಬೇಕಾದದ್ದು ಮಾತಿನಿಂದ. ಇಲ್ಲಿ ಖರ್ಚು ಉಳಿಸಬಾರದ ಜಾಗ ಒಂದೇ, ಬರಹ. ನಮ್ಮಲ್ಲಿ ಮೊದಲು ಕತ್ತರಿ ಬೀಳುವುದೇ ಅಲ್ಲಿಗೆ. ಚಿತ್ರ ಬರೆಯುವವನಿಗೆ ಸಂಬಳ, ಕಥೆ ಬರೆಯುವವನಿಗೆ ಕಾಫಿ.

ಪ್ರಾಯೋಜಕರು ಬೆಂಗಳೂರಿನಿಂದಲೇ ಬರಬೇಕಿಲ್ಲ. ಹಾಸನದ ಲೋಕಲ್ ಕೇಬಲ್ ನೋಡಿದರೆ ಗೊತ್ತಾಗುತ್ತದೆ ಇಲ್ಲಿ ಯಾರು ಜಾಹೀರಾತು ಕೊಡುತ್ತಾರೆ ಅಂತ. ಚಿನ್ನದ ಅಂಗಡಿ, ಬೈಕ್ ಶೋರೂಂ, ಹೋಂಸ್ಟೇ, ಎಲ್ಲಕ್ಕಿಂತ ಜಾಸ್ತಿ ನೀಟ್ ಕೋಚಿಂಗ್‌ನವರು. ಅವರು ಹಾಕುವ ಷರತ್ತನ್ನು ಈಗಲೇ ಊಹಿಸಬಹುದು: ಹುಡುಗ ನಮ್ಮಲ್ಲಿ ಸೇರಬೇಕು, ಡಾಕ್ಟರ್ ಆಗಬೇಕು. ಒಪ್ಪಿಕೊಂಡುಬಿಡುವುದು ಒಳ್ಳೆಯದು. ಅಡ್ಮಿಷನ್ ಫೀಸ್ ಕೇಳಿ ರೈಟರ್ ಅಪ್ಪ ಹಾಜರಿ ಪುಸ್ತಕ ಕೆಳಗೆ ಹಾಕಿಕೊಳ್ಳುತ್ತಾನೆ, ಅಜ್ಜಿ ಆ ಮೊತ್ತ ಮಾತ್ರ ಮೊದಲನೇ ಸಲಕ್ಕೇ ಕೇಳಿಸಿಕೊಳ್ಳುತ್ತಾಳೆ. ನಾಲ್ಕು ಕಂತಿಗೆ ಅದೇ ಸಾಕಾಗುತ್ತದೆ.